ಇಳಿದ ಬ್ಯಾಟರಿ

ಮಲೆನಾಡಿನಲ್ಲಿ ಬೈಕುಗಳು ಅತಿ ಹೆಚ್ಚು ಕೈಕೊಡುವ ದಿನ ಯಾವುದೆಂದು ಯಾವ ಮೆಕ್ಯಾನಿಕ್ಕನ್ನು ಕೇಳಿದರೂ ಆಯುಧಪೂಜೆ ಅನ್ನುತ್ತಾನೆ. ಮಳೆ ಹಿಡಿಯಿತೆಂದರೆ ತೋಟದ ಮನೆಗಳಲ್ಲಿ ಬೈಕು ಕೊಟ್ಟಿಗೆ ಪಕ್ಕದ ಮಾಡಿನಡಿ ಸೇರಿಕೊಳ್ಳುತ್ತದೆ. ಪೇಟೆಗೆ ಹೋಗಲು ಬಸ್ಸಿದೆ, ಅಡಿಕೆ ಮೂಟೆಗೆ ಜೀಪಿದೆ, ಕೆಸರಿನಲ್ಲಿ ಎರಡು ಗಾಲಿಯನ್ನು ನಂಬುವವರು ಕಡಿಮೆ. ನವರಾತ್ರಿಯ ಹೊತ್ತಿಗೆ ಅದನ್ನು ಹೊರಗೆಳೆದು, ತೊಳೆದು, ಒರೆಸಿ, ಸೇವಂತಿಗೆ ಹಾರ ಹಾಕಿ, ಗಾಲಿಯಡಿ ನಿಂಬೆಹಣ್ಣಿಟ್ಟು, ಕೀಲಿ ತಿರುಗಿಸಿ ಬಟನ್ ಒತ್ತಿದರೆ ಬರುವುದು ಒಂದೇ ಸದ್ದು: ಟಿಕ್ ಟಿಕ್ ಟಿಕ್. ನಿಂಬೆಹಣ್ಣು ಇಟ್ಟಲ್ಲೇ ಉಳಿಯುತ್ತದೆ.

ಆ ಟಿಕ್ ಟಿಕ್ ಮಾಡುವುದು ಸ್ಟಾರ್ಟರ್ ರಿಲೇ. ಮೀಟರಿನ ದೀಪ ಹೊತ್ತಿಸುವಷ್ಟು ಕರೆಂಟು ಬ್ಯಾಟರಿಯಲ್ಲಿ ಇದೆ, ರಿಲೇಯನ್ನು ಎಳೆಯುವಷ್ಟೂ ಇದೆ. ಆದರೆ ರಿಲೇ ಕೂಡಿದ ಕ್ಷಣ ಸ್ಟಾರ್ಟರ್ ಮೋಟಾರು ಹತ್ತಾರು ಆಂಪಿಯರ್ ಕೇಳುತ್ತದೆ, ವೋಲ್ಟೇಜು ಕುಸಿಯುತ್ತದೆ, ರಿಲೇ ಕೈಬಿಡುತ್ತದೆ. ಕೈಬಿಟ್ಟೊಡನೆ ವೋಲ್ಟೇಜು ಚೇತರಿಸಿಕೊಂಡು ಮತ್ತೆ ಎಳೆಯುತ್ತದೆ. ಈ ಸದ್ದು ಕೇಳಿಸಿಕೊಂಡವರಲ್ಲಿ ಬಹಳ ಮಂದಿ 'ಬ್ಯಾಟರಿ ಹೋಯ್ತು, ಹೊಸದು ಹಾಕಿಸಬೇಕು' ಎಂದು ಅಲ್ಲೇ ತೀರ್ಮಾನ ಮಾಡಿಬಿಡುತ್ತಾರೆ. ನನ್ನ ತಕರಾರು ಇರುವುದು ಆ ತೀರ್ಮಾನದ ಮೇಲೆ. ಹಾಗೆ ಕಿತ್ತು ಮೂಲೆಗೆಸೆದ ಬ್ಯಾಟರಿಗಳಲ್ಲಿ ಎಷ್ಟೋ ಸತ್ತಿರುವುದಿಲ್ಲ, ಬರೀ ಹಸಿದಿರುತ್ತವೆ. ಅವಕ್ಕೆ ಬೇಕಾದದ್ದು ಒಂದು ರಾತ್ರಿ, ಒಂದು ಚಾರ್ಜರು ಮತ್ತು ಸೈಡ್ ಪ್ಯಾನೆಲ್ ಬಿಚ್ಚುವಷ್ಟು ಆಸಕ್ತಿ.

ಹಿಂದೆ ಈ ಆಸಕ್ತಿ ತಾನಾಗಿ ಹುಟ್ಟುತ್ತಿತ್ತು, ಏಕೆಂದರೆ ಗಾಡಿ ಸ್ಟಾರ್ಟ್ ಮಾಡುವುದೇ ಒಂದು ಮೈಕೆಲಸ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಹೊರಬಂದ ಗಾಡಿಗಳಲ್ಲಿ ಕಿಕ್ಕರ್ ಬೇರೆ, ಗೇರ್ ಲಿವರ್ ಬೇರೆ ಇರಲಿಲ್ಲ. ಅದೇ ಲಿವರನ್ನು ಮೇಲೆತ್ತಿ ಒದ್ದರೆ ಕಿಕ್ಕರ್, ಮುಂದಕ್ಕೆ ಮಡಚಿದರೆ ಗೇರು. ಮೊದಲಿನ ಜಾವಾಗಳ ಬ್ಯಾಟರಿ ಬರೀ 6 ವೋಲ್ಟಿನದು. ಹಳೆಯ ಬುಲೆಟ್ಟಿನಲ್ಲಂತೂ ಹೆಡ್‌ಲೈಟಿನ ತಲೆಯ ಮೇಲೆ ಒಂದು ಆಮೀಟರ್ ಕೂತಿರುತ್ತಿತ್ತು. ಕೀಲಿ ತಿರುಗಿಸಿ, ಕಿಕ್ಕರನ್ನು ಮೆಲ್ಲಗೆ ಕೆಳಗೊತ್ತುತ್ತಾ ಬಂದರೆ ಮುಳ್ಳು ಎಡಕ್ಕೆ ವಾಲುತ್ತಿತ್ತು. ಒಂದು ಹಂತದಲ್ಲಿ ಫಕ್ಕನೆ ನಡುವಿಗೆ ಬರುತ್ತಿತ್ತು. ಪಾಯಿಂಟ್ ತೆರೆದುಕೊಂಡಿತು, ಪಿಸ್ಟನ್ ಮೇಲಿದೆ, ಈಗ ಡಿಕಂಪ್ರೆಸರ್ ಹಿಡಿದು ಅದನ್ನೊಂದಿಷ್ಟು ದಾಟಿಸಿ ಒದೆ ಎಂದು ಅರ್ಥ. ನಮ್ಮೂರ ಕಡೆಯ ಹಿರಿಯರು ಗಾಡಿ ಸ್ಟಾರ್ಟ್ ಮಾಡುವ ಮೊದಲು ತಲೆ ಬಗ್ಗಿಸಿ ಆ ಮುಳ್ಳನ್ನು ನೋಡುತ್ತಿದ್ದುದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮುಳ್ಳು ಅಲುಗಾಡಲೇ ಇಲ್ಲವೆಂದರೆ ಬ್ಯಾಟರಿ ಇಳಿದಿದೆ ಎಂದು ಅವರಿಗೆ ಒದೆಯುವ ಮೊದಲೇ ತಿಳಿಯುತ್ತಿತ್ತು. ಬ್ಯಾಟರಿ ಎನ್ನುವುದು ಅವರ ಕಣ್ಣೆದುರಿಗಿತ್ತು.

ಆಮೇಲೆ ಬಂದ ನೂರು ಸಿಸಿ ಗಾಡಿಗಳು ಬ್ಯಾಟರಿಯನ್ನು ಮರೆಸಿಬಿಟ್ಟವು. ಸ್ಪ್ಲೆಂಡರ್ ತಲೆಮಾರಿನ ಕಾರ್ಬ್ಯುರೇಟರ್ ಬೈಕಿಗೆ ಬ್ಯಾಟರಿ ಇಲ್ಲದಿದ್ದರೂ ಸ್ಟಾರ್ಟ್ ಆಗುವ ಗುಣವಿತ್ತು. ಸ್ಪಾರ್ಕಿಗೆ ಬೇಕಾದ ಕರೆಂಟು ಮ್ಯಾಗ್ನೆಟ್ ಕಾಯಿಲಿನಿಂದಲೇ ಬರುತ್ತಿತ್ತು. ಹಾರನ್ ಕೀರಲಾಗುತ್ತದೆ, ಇಂಡಿಕೇಟರ್ ಮಂಕಾಗುತ್ತದೆ, ಗಾಡಿ ಮಾತ್ರ ಓಡುತ್ತದೆ. ವರ್ಷಗಟ್ಟಲೆ ಸತ್ತ ಬ್ಯಾಟರಿ ಹೊತ್ತು ತಿರುಗಿದ ಗಾಡಿಗಳು ನಮ್ಮ ಹಳ್ಳಿಗಳಲ್ಲಿ ಬೇಕಾದಷ್ಟಿವೆ. ಈಗ ಕಾಲ ಮತ್ತೆ ತಿರುಗಿದೆ. 2017ರ ಏಪ್ರಿಲ್‌ನಿಂದ ಹೊಸ ಗಾಡಿಗಳ ಹೆಡ್‌ಲೈಟಿಗೆ ಸ್ವಿಚ್ಚೇ ಇಲ್ಲ, ಹಗಲಿಡೀ ಉರಿಯುತ್ತದೆ. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಹೊಗೆ ನಿಯಮ ಬಂದಮೇಲೆ ಹೆಚ್ಚುಕಡಿಮೆ ಎಲ್ಲ ಬೈಕುಗಳಿಗೂ ಫ್ಯೂಯಲ್ ಇಂಜೆಕ್ಷನ್ ಬಂತು. ಇಂಜಿನ್ನಿಗೆ ಪೆಟ್ರೋಲು ತಲುಪಬೇಕಾದರೆ ಪಂಪು ತಿರುಗಬೇಕು, ಪಂಪು ತಿರುಗಲು ಕರೆಂಟು ಬೇಕು. ಬಹಳಷ್ಟು ಗಾಡಿಗಳಲ್ಲಿ ಕಿಕ್ಕರನ್ನೇ ತೆಗೆದಿದ್ದಾರೆ. ಎರಡನೇ ಗೇರು ಹಾಕಿ, ಇಳಿಜಾರಿನಲ್ಲಿ ತಳ್ಳಿ, ಕ್ಲಚ್ ಬಿಟ್ಟು ಸ್ಟಾರ್ಟ್ ಮಾಡುವ ಉಪಾಯ ಬ್ಯಾಟರಿಯಲ್ಲಿ ತುಸು ಜೀವ ಉಳಿದಿದ್ದರೆ ಇಂಜೆಕ್ಷನ್ ಗಾಡಿಯಲ್ಲೂ ನಡೆಯುತ್ತದೆ. ಪೂರ್ತಿ ಇಳಿದಿದ್ದರೆ ಆಗುಂಬೆ ಘಾಟಿಯ ಅಷ್ಟೂ ತಿರುವು ಉರುಳಿಸಿದರೂ ಅದು ಕೆಮ್ಮುವುದಿಲ್ಲ. ಬ್ಯಾಟರಿ ಬೈಕಿಗೆ ಇಷ್ಟು ಮುಖ್ಯ ಎಂದೂ ಆಗಿರಲಿಲ್ಲ, ಅದನ್ನು ಕಣ್ಣಾರೆ ನೋಡಿದ ಸವಾರರೂ ಇಷ್ಟು ಕಡಿಮೆ ಎಂದೂ ಇರಲಿಲ್ಲ.

ಹಾಗಾಗಿ ಮೊದಲು ಅದು ಎಲ್ಲಿದೆ ಎಂದು ಹುಡುಕಬೇಕು. ಕೆಲವು ಗಾಡಿಗಳಲ್ಲಿ ಕೀಲಿ ಹಾಕಿ ತೆರೆಯುವ ಪಕ್ಕದ ಡಬ್ಬಿಯೊಳಗೆ, ಕೆಲವದರಲ್ಲಿ ಸೀಟಿನಡಿ, ಕೆಲವು ಸ್ಕೂಟರುಗಳಲ್ಲಿ ಕಾಲಿಡುವ ಜಾಗದ ಮುಚ್ಚಳದ ಕೆಳಗೆ. ಪ್ಲಾಸ್ಟಿಕ್ ಪ್ಯಾನೆಲ್ಲನ್ನು ಸ್ಕ್ರೂ ಬಿಚ್ಚಿದ ಮೇಲೂ ಸುಮ್ಮನೆ ಎಳೆಯಬಾರದು. ಹಿಂದೆ ರಬ್ಬರ್ ಬುಶ್ಶಿನೊಳಗೆ ಸಿಕ್ಕಿಸಿದ ಮೊಳೆಗಳಿರುತ್ತವೆ. ಅವು ಎಲ್ಲಿವೆಯೆಂದು ಬೆರಳಿನಿಂದ ಅಂದಾಜು ಮಾಡಿ, ಆ ಜಾಗದ ಹತ್ತಿರವೇ ಹಿಡಿದು ನೇರವಾಗಿ ಹೊರಕ್ಕೆ ಎಳೆದರೆ ಟಪ್ ಎಂದು ಬಿಡುತ್ತದೆ. ಒಂದು ತುದಿ ಹಿಡಿದು ತಿರುಚಿದರೆ ಆ ಪುಟ್ಟ ಮೊಳೆ ಬುಡಕ್ಕೇ ಮುರಿಯುತ್ತದೆ, ಪ್ಯಾನೆಲ್ ಆಮೇಲೆ ಜೀವಮಾನವಿಡೀ ಗಡಗಡ ಅನ್ನುತ್ತದೆ.

ಒಳಗೆ ಒಂದು ರಬ್ಬರ್ ಪಟ್ಟಿಯೋ ತಗಡಿನ ಕ್ಲಾಂಪೋ ಬ್ಯಾಟರಿಯನ್ನು ಬಿಗಿದಿರುತ್ತದೆ. ಕಪ್ಪು ವೈರು ಮೈನಸ್ಸು, ಕೆಂಪು ವೈರು ಪ್ಲಸ್ಸು. ಪ್ಲಸ್ಸಿನ ಮೇಲೆ ರಬ್ಬರ್ ಟೊಪ್ಪಿಗೆ ಇರುತ್ತದೆ. ಮೊದಲು ಬಿಚ್ಚಬೇಕಾದದ್ದು ಮೈನಸ್ಸನ್ನೇ. ಇದಕ್ಕೆ ಗಟ್ಟಿ ಕಾರಣವಿದೆ. ಗಾಡಿಯ ಇಡೀ ಚಾಸಿಗೆ ಮೈನಸ್ಸು ಕೂಡಿರುತ್ತದೆ. ಪ್ಲಸ್ಸನ್ನು ಮೊದಲು ಬಿಚ್ಚಲು ಹೋದಾಗ ಸ್ಪಾನರಿನ ಬಾಲ ಚಾಸಿಗೆ ತಾಗಿದರೆ ಶಾರ್ಟ್ ಆಗಿ ಕಿಡಿ ಹಾರುತ್ತದೆ, ಸ್ಪಾನರೇ ಕಾದು ಅಂಟಿಕೊಳ್ಳಬಹುದು. ಮೈನಸ್ಸು ಬಿಚ್ಚಿ ಬದಿಗೆ ಸರಿಸಿದ ಮೇಲೆ ಸ್ಪಾನರು ಚಾಸಿಗೆ ತಾಗಿದರೂ ಏನೂ ಆಗುವುದಿಲ್ಲ. ಮತ್ತೆ ಹಾಕುವಾಗ ಇದೇ ತಿರುಗುಮುರುಗು: ಪ್ಲಸ್ಸು ಮೊದಲು, ಮೈನಸ್ಸು ಕೊನೆಗೆ.

ಟರ್ಮಿನಲ್ಲಿನೊಳಗೆ ಒಂದು ಚೌಕದ ನಟ್ಟು ಕೂತಿರುತ್ತದೆ. ಅದನ್ನು ಯಾವುದೂ ಹಿಡಿದುಕೊಂಡಿರುವುದಿಲ್ಲ. ಬೋಲ್ಟು ಹೊರಬಂದೊಡನೆ ಅದು ಜಾರಿ, ಇಂಜಿನ್ನಿನ ಸಂದಿಯಲ್ಲಿ ಎಲ್ಲೋ ಕಾಣೆಯಾಗುತ್ತದೆ. ಮತ್ತೆ ಬೋಲ್ಟ್ ಹಾಕುವಾಗಲೂ ಅದು ಕೆಳಕ್ಕೆ ಕುಸಿದು, ಬೋಲ್ಟಿಗೆ ಸಿಗದೆ ಸತಾಯಿಸುತ್ತದೆ. ಪಳಗಿದವರು ಏನು ಮಾಡುತ್ತಾರೆಂದರೆ, ನಟ್ಟಿನ ಕೆಳಗೆ ಒಂದು ಚೂರು ಸ್ಪಂಜು ತುರುಕುತ್ತಾರೆ. ಅದು ನಟ್ಟನ್ನು ಮೇಲಕ್ಕೆ ಒತ್ತಿ ಹಿಡಿಯುತ್ತದೆ, ಬೋಲ್ಟು ಮೊದಲ ಸುತ್ತಿಗೇ ಕಚ್ಚುತ್ತದೆ. ಯಾವ ಕೈಪಿಡಿಯಲ್ಲೂ ನಾನು ಇದನ್ನು ಓದಿಲ್ಲ. ಒಬ್ಬರು ಮಾಡುವುದನ್ನು ಇನ್ನೊಬ್ಬರು ನೋಡಿ ಕಲಿತು ಇದು ಗ್ಯಾರೇಜಿನಿಂದ ಗ್ಯಾರೇಜಿಗೆ ದಾಟಿದೆ.

ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಬೂದಿ ಕಂಡರೆ ಬ್ಯಾಟರಿಯನ್ನು ಬೈಯುವ ಮೊದಲು ಅದನ್ನು ತೆಗೆಯಬೇಕು. ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಹಳೇ ಹಲ್ಲುಜ್ಜುವ ಬ್ರಶ್ ಅದ್ದಿ ಉಜ್ಜಿದರೆ ನೊರೆ ಬಂದು ಹೋಗುತ್ತದೆ. ಒಣಗಿಸಿ, ಬಿಗಿದು, ಮೇಲೆ ಚೂರು ವ್ಯಾಸಲೀನ್ ಸವರಿದರೆ ಆಯಿತು. ಎಷ್ಟೋ ಸಲ ಕಾಯಿಲೆ ಇಷ್ಟೇ ಆಗಿರುತ್ತದೆ.

ಆದರೂ ಬ್ಯಾಟರಿ ನಿಜವಾಗಿ ಇಳಿದಿದೆಯೇ ಎಂದು ತಿಳಿಯಲು ಒಂದು ಮಲ್ಟಿಮೀಟರ್ ಬೇಕು. ಸಾಧಾರಣದ್ದು ಸಾಕು, ಬೈಕಿರುವ ಪ್ರತಿ ಮನೆಯಲ್ಲೂ ಅದಿರಬೇಕು ಎನ್ನುವವನು ನಾನು. ಪೂರ್ತಿ ತುಂಬಿದ 12 ವೋಲ್ಟಿನ ಬ್ಯಾಟರಿ ಕೆಲವು ಗಂಟೆ ಸುಮ್ಮನಿದ್ದ ಮೇಲೆ 12.7ರ ಆಸುಪಾಸು ತೋರಿಸುತ್ತದೆ. 12.4 ಎಂದರೆ ಮುಕ್ಕಾಲು. 12 ಎಂದರೆ ಕಾಲುಭಾಗ ಮಾತ್ರ ಉಳಿದಿದೆ. 11.8ಕ್ಕಿಂತ ಕೆಳಗಿಳಿದರೆ ಬರಿದಾದಂತೆಯೇ. ಮೀಟರಿನಲ್ಲಿ 12 ಕಂಡು 'ಸರಿಯಾಗೇ ಇದೆಯಲ್ಲ' ಎಂದು ಮುಚ್ಚಿಡುವವರನ್ನು ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ. ಇಲ್ಲಿ ತುಂಬಿದ್ದಕ್ಕೂ ಬರಿದಾದದ್ದಕ್ಕೂ ಇರುವ ಅಂತರ ಒಂದೇ ವೋಲ್ಟಿನೊಳಗಿನದು.

ಒಳಗೆ ನಡೆಯುವುದನ್ನು ಫ್ರಾನ್ಸಿನ ಗಾಸ್ತೋನ್ ಪ್ಲಾಂತೆ 1859ರಲ್ಲೇ ಮಾಡಿ ತೋರಿಸಿದ್ದ. ಸೀಸದ ಎರಡು ಹಾಳೆ, ನಡುವೆ ಅವು ತಾಗದಂತೆ ಒಂದು ತಡೆ, ಸುತ್ತ ಗಂಧಕಾಮ್ಲ. ಅಂದಿನಿಂದ ಪ್ಲೇಟಿನ ರೂಪ ಬದಲಾಗಿದೆ, ಡಬ್ಬಿ ಬದಲಾಗಿದೆ, ರಸಾಯನ ಮಾತ್ರ ಅದೇ. ಕರೆಂಟು ಕೊಡುವಾಗ ಆಮ್ಲದೊಳಗಿನ ಸಲ್ಫೇಟು ಎರಡೂ ಪ್ಲೇಟುಗಳಿಗೆ ಹೋಗಿ ಕೂರುತ್ತದೆ, ಒಳಗಿನ ದ್ರವ ನೀರಾಗುತ್ತ ಬರುತ್ತದೆ. ಚಾರ್ಜ್ ಮಾಡಿದಾಗ ಸಲ್ಫೇಟು ಪ್ಲೇಟು ಬಿಟ್ಟು ದ್ರವಕ್ಕೆ ಮರಳುತ್ತದೆ, ಆಮ್ಲ ಮತ್ತೆ ಗಟ್ಟಿಯಾಗುತ್ತದೆ. ಇಳಿದ ಬ್ಯಾಟರಿಯನ್ನು ಬೇಗ ಚಾರ್ಜ್ ಮಾಡಿದರೆ ಈ ಹೋಗಿಬರುವ ದಾರಿ ತೆರೆದೇ ಇರುತ್ತದೆ. ಇಳಿದ ಸ್ಥಿತಿಯಲ್ಲೇ ತಿಂಗಳುಗಟ್ಟಲೆ ಬಿಟ್ಟರೆ ಪ್ಲೇಟಿನ ಮೇಲಿನ ಸಲ್ಫೇಟು ಹರಳುಗಟ್ಟಿ ಕಲ್ಲಾಗುತ್ತದೆ. ಆಮೇಲೆ ಅದು ಎದ್ದು ಬರುವುದು ಕಷ್ಟ. ಗಾಡಿ ನಿಂತಿದ್ದರೂ ಬ್ಯಾಟರಿ ತನ್ನಷ್ಟಕ್ಕೆ ಸ್ವಲ್ಪಸ್ವಲ್ಪವೇ ಇಳಿಯುತ್ತಿರುತ್ತದೆ, ಸೆಖೆಯಲ್ಲಿ ಇನ್ನೂ ಬೇಗ. ಅದರ ಜೊತೆಗೆ ಡಿಜಿಟಲ್ ಗಡಿಯಾರ, ಅಲಾರಂ, ಜಿಪಿಎಸ್ ಟ್ರ್ಯಾಕರುಗಳು ಹಗಲುರಾತ್ರಿ ಹೀರುತ್ತಿರುತ್ತವೆ. 2020ರ ಲಾಕ್‌ಡೌನ್ ಮುಗಿದಾಗ ಊರೂರಲ್ಲೂ ಬೈಕುಗಳು ಮೂಕವಾಗಿ ನಿಂತದ್ದು ಇದರಿಂದಲೇ. ಮಳೆಗಾಲಕ್ಕೆ ಗಾಡಿ ನಿಲ್ಲಿಸುವವರು ಮೈನಸ್ ವೈರನ್ನೊಂದು ಬಿಚ್ಚಿಟ್ಟರೆ ಅರ್ಧ ಕೆಲಸ ಮುಗಿದಂತೆ.

ಈ ರಸಾಯನವನ್ನೆಲ್ಲ ನಾನು ಮೊದಲು ನೋಡಿದ್ದು ಪಾಠದಲ್ಲಲ್ಲ, ತಾಲ್ಲೂಕು ಪೇಟೆಯ ಒಂದು ಬ್ಯಾಟರಿ ಅಂಗಡಿಯಲ್ಲಿ. ಬಸ್‌ಸ್ಟ್ಯಾಂಡಿನ ಹಿಂದೆ, ಹಂಚಿನ ಮಾಡಿನ ಕೆಳಗೆ, ಕಾಲಿಟ್ಟೊಡನೆ ಗಂಟಲು ಕೆರೆಯುವ ಆಸಿಡ್ ವಾಸನೆ. ಉದ್ದ ಮರದ ಹಲಗೆಯ ಮೇಲೆ ಬ್ಯಾಟರಿಗಳ ಸಾಲು: ಲಾರಿಯದು, ಟ್ರ್ಯಾಕ್ಟರಿನದು, ನಡುನಡುವೆ ಅಂಗೈಯಗಲದ ಬೈಕಿನವು. ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್ಸು ಕೊಂಡಿ ಹಾಕಿ, ಸಾಲಿನ ಕೊನೆಗೆ ಗೋಡೆಯ ಮೇಲೆ ದಪ್ಪ ಬಲ್ಬುಗಳನ್ನು ಸೇರಿಸಿರುತ್ತಿದ್ದರು. ಎಷ್ಟು ಬಲ್ಬು ಹೊತ್ತಿಸಿದರೆ ಅಷ್ಟು ಕರೆಂಟು ಹರಿಯುತ್ತದೆ; ಕಡಿಮೆ ಬೇಕೆಂದರೆ ಒಂದು ಬಲ್ಬು ಬಿಚ್ಚಿದರಾಯಿತು. ಬೈಕಿನ ಬ್ಯಾಟರಿಗಳಿಗೆ ಬೇರೆಯದೇ ಪುಟ್ಟ ಸಾಲು ಮಾಡಿ, ಅದಕ್ಕೆ ಮಂದ ಬಲ್ಬೊಂದನ್ನು ಬಿಟ್ಟಿರುತ್ತಿದ್ದರು. ಪ್ರತಿ ಬ್ಯಾಟರಿಯ ಮೈಮೇಲೆ ಸೀಮೆಸುಣ್ಣದಲ್ಲಿ ಊರಿನ ಹೆಸರು, ಕೊಟ್ಟ ತಾರೀಖು.

ಯಜಮಾನರು ಗಾಜಿನ ಹೈಡ್ರೋಮೀಟರಿನ ರಬ್ಬರ್ ಬುರುಡೆ ಒತ್ತಿ, ಮೂತಿಯನ್ನು ಸೆಲ್ಲಿನ ತೂತಿಗೆ ಇಳಿಸಿ, ಬುರುಡೆ ಸಡಿಲಿಸುತ್ತಿದ್ದರು. ಆಸಿಡ್ ಮೇಲೇರುತ್ತಿತ್ತು, ಅದರೊಳಗಿನ ತೇಲುಗಡ್ಡಿ ಅಲುಗಾಡಿ ನಿಲ್ಲುತ್ತಿತ್ತು. ಅವರು ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು 'ಹನ್ನೊಂದು ನಲವತ್ತು' ಎನ್ನುತ್ತಿದ್ದರು. ಅಂದರೆ 1.140, ಬರಿದು. ಮಾರನೆಯ ದಿನ ಅದೇ ಸೆಲ್ಲು 'ಹನ್ನೆರಡು ಐವತ್ತು'. ಗಟ್ಟಿಯಾದ ಆಮ್ಲದಲ್ಲಿ ಕಡ್ಡಿ ಮೇಲಕ್ಕೆ ತೇಲಿ ಬಂದಿರುತ್ತಿತ್ತು. ಪ್ಲೇಟಿನಿಂದ ಸಲ್ಫೇಟು ನೀರಿಗೆ ಮರಳಿದ್ದನ್ನು ಕಣ್ಣಿಂದ ಹೀಗೆ ಕಾಣಬಹುದಿತ್ತು. ಆರು ಸೆಲ್ಲುಗಳಲ್ಲಿ ಐದು ಏರಿ ಒಂದು ಮಾತ್ರ ಕೆಳಗೇ ಉಳಿದರೆ ಅವರು ತಲೆಯಲ್ಲಾಡಿಸಿ ಬ್ಯಾಟರಿಯನ್ನು ಬೇರೆ ಕಡೆ ಇಡುತ್ತಿದ್ದರು. ಆಸಿಡ್ ಹನಿ ಬಿದ್ದ ಹತ್ತಿ ಬಟ್ಟೆ ಮುಂದಿನ ಒಗೆತದಲ್ಲಿ ತೂತು ತೂತಾಗುತ್ತದೆಂದು ಸದಾ ಟೆರಿಲಿನ್ ಅಂಗಿಯನ್ನೇ ಹಾಕುತ್ತಿದ್ದರು. 'ಅರ್ಜೆಂಟ್ ಇದೆ, ಒಂದು ಗಂಟೇಲಿ ಮಾಡಿಕೊಡಿ' ಎಂದು ಬಂದವರಿಗೆ ಅವರು ಬದಲಿ ಬ್ಯಾಟರಿ ಬಾಡಿಗೆಗೆ ಕೊಟ್ಟು ಕಳಿಸುತ್ತಿದ್ದರೇ ಹೊರತು ಕರೆಂಟು ಜಾಸ್ತಿ ಮಾಡುತ್ತಿರಲಿಲ್ಲ. ಈಗಿನ ಸೀಲ್ ಮಾಡಿದ ಬ್ಯಾಟರಿಗಳಿಗೆ ಮುಚ್ಚಳವೇ ಇಲ್ಲ, ಹೈಡ್ರೋಮೀಟರ್ ಇಳಿಸಲು ತೂತೂ ಇಲ್ಲ. ಅಂತಹ ಅಂಗಡಿಗಳು ಒಂದೊಂದಾಗಿ ಹೊಸ ಬ್ಯಾಟರಿ ಮಾರುವ ಗಾಜಿನ ಶೋರೂಮುಗಳಾಗಿವೆ. ಅಲ್ಲಿ ಚಾರ್ಜ್ ಮಾಡಿಕೊಡಿ ಎಂದು ಕೇಳಿದರೆ ಬೆಲೆಪಟ್ಟಿ ಕೊಡುತ್ತಾರೆ. ನನಗಿದು ದೊಡ್ಡ ನಷ್ಟವೆಂದೇ ತೋರುತ್ತದೆ.

ಆ ಯಜಮಾನರಿಂದ ಕಲಿತ ಲೆಕ್ಕ ಇವತ್ತಿಗೂ ಸರಿ: ಬ್ಯಾಟರಿಯ ಆಂಪಿಯರ್-ಅವರ್ ಎಷ್ಟಿದೆಯೋ ಅದರ ಹತ್ತನೇ ಒಂದು ಪಾಲು ಕರೆಂಟು ಕೊಡಬೇಕು. ಬುಲೆಟ್ಟಿನ 14 ಆಂಪಿಯರ್-ಅವರ್ ಬ್ಯಾಟರಿಗೆ 1.4 ಆಂಪಿಯರ್, ಸಣ್ಣ ಗಾಡಿಯ 5ರದ್ದಕ್ಕೆ ಅರ್ಧ ಆಂಪಿಯರ್. ರಾತ್ರಿ ಹಚ್ಚಿದರೆ ಬೆಳಗಿಗೆ ಆಗುತ್ತದೆ. ಉಪವಾಸ ಬಿದ್ದವನಿಗೆ ಮೊದಲು ಗಂಜಿ ಕೊಡುವ ಹಾಗೆ ಇದು. ಒಮ್ಮೆಲೇ ತುರುಕಿದರೆ ಒಳಗೆ ನಿಲ್ಲುವುದಿಲ್ಲ. ಕಾರಿನ ಬ್ಯಾಟರಿಗೆಂದು ಮಾಡಿದ ದೊಡ್ಡ ಚಾರ್ಜರನ್ನು ಬೈಕಿನ ಬ್ಯಾಟರಿಗೆ ಹಚ್ಚಿ ಅರ್ಧ ಗಂಟೆಯಲ್ಲಿ 'ರೆಡಿ' ಎಂದು ಕೊಡುವವರಿದ್ದಾರೆ. ಬ್ಯಾಟರಿ ಕಾದು, ಒಳಗಿನ ನೀರು ಆವಿಯಾಗಿ, ಪ್ಲೇಟು ಬಾಗಿ, ಎರಡು ದಿನಕ್ಕೆ ಗಾಡಿ ಮತ್ತೆ ನಿಲ್ಲುತ್ತದೆ. ಇದನ್ನು ನಾನು ರಿಪೇರಿ ಎಂದು ಕರೆಯಲಾರೆ.

ಮನೆಯಲ್ಲಿ ಮಾಡುವುದಾದರೆ ಗಾಳಿಯಾಡುವ ಜಗಲಿಯೇ ಒಳ್ಳೆಯದು. ಚಾರ್ಜ್ ಆಗುವ ಬ್ಯಾಟರಿ ಕೊನೆಕೊನೆಗೆ ಹೈಡ್ರೋಜನ್ ಬಿಡುತ್ತದೆ. ಹತ್ತಿರ ಬೀಡಿ, ದೀಪ, ಒಲೆ ಯಾವುದೂ ಇರಕೂಡದು. ಕ್ಲಿಪ್ಪುಗಳನ್ನು ಟರ್ಮಿನಲ್ಲಿಗೆ ಕಚ್ಚಿಸಿದ ಮೇಲೆ ಗೋಡೆಯ ಸ್ವಿಚ್ಚು ಹಾಕಬೇಕು, ತೆಗೆಯುವಾಗ ಸ್ವಿಚ್ಚು ಮೊದಲು. ನೀರು ತುಂಬಿಸುವ ಹಳೇ ಬಗೆಯದಾದರೆ ಮುಚ್ಚಳಗಳನ್ನು ತೆಗೆದಿಟ್ಟು, ಪ್ಲೇಟು ಮುಳುಗಿದೆಯೇ ನೋಡಿ, ಕಡಿಮೆಯಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ಬಾವಿ ನೀರು ಎಷ್ಟು ತಿಳಿಯಾಗಿದ್ದರೂ ಬೇಡ, ಅದರಲ್ಲಿನ ಲವಣ ಪ್ಲೇಟನ್ನು ಹಾಳುಮಾಡುತ್ತದೆ. ಆಸಿಡ್ಡಂತೂ ಸುರಿಯಲೇಬಾರದು, ಕಡಿಮೆಯಾಗಿರುವುದು ನೀರು, ಆಮ್ಲವಲ್ಲ. ಕೈಗೆ ಹನಿ ಬಿದ್ದರೆ ಕೂಡಲೇ ಧಾರಾಳವಾಗಿ ನೀರು ಹಾಕಿ ತೊಳೆಯಬೇಕು. ಕಣ್ಣಿಗೆ ಹಾರಿದರೆ ತೊಳೆಯುತ್ತಲೇ ಡಾಕ್ಟರ ಹತ್ತಿರ ಓಡಬೇಕು. ಕರೆಂಟು ನಡುವೆ ಹೋದರೆ ಗಾಬರಿಯಿಲ್ಲ, ಬಂದ ಮೇಲೆ ಮುಂದುವರಿಯುತ್ತದೆ. ಈಗಿನ ಸ್ಮಾರ್ಟ್ ಚಾರ್ಜರುಗಳು ತುಂಬಿದ ಮೇಲೆ ತಾವೇ ಕರೆಂಟು ತಗ್ಗಿಸುವುದು ಒಳ್ಳೆಯ ಗುಣ. ಆದರೆ ತೀರಾ ಇಳಿದ ಬ್ಯಾಟರಿ ಅವುಗಳ ಕಣ್ಣಿಗೇ ಬೀಳುವುದಿಲ್ಲ, ಏನೂ ಕೂಡಿಲ್ಲವೆಂದು ದೀಪ ಮಿಣುಕಿಸುತ್ತ ಕೂರುತ್ತವೆ. ಅದನ್ನು ನೋಡಿ ಬ್ಯಾಟರಿ ಸತ್ತಿತೆಂದು ತಿಳಿಯುವುದು ಅವಸರ. ಕೈಯಿಂದ ಕರೆಂಟು ಹೊಂದಿಸುವ ಚಾರ್ಜರಿನಲ್ಲಿ ಮೊದಲು ಒಂದಿಷ್ಟು ಉಣಿಸಿದರೆ ಸ್ಮಾರ್ಟ್ ಚಾರ್ಜರೂ ಗುರುತು ಹಿಡಿಯುತ್ತದೆ. ಲಿಥಿಯಂ ಬ್ಯಾಟರಿಯ ಕತೆ ಬೇರೆ, ಅದಕ್ಕೆ ಅದರದೇ ಚಾರ್ಜರು ಬೇಕು.

ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ತಂಗಿಯ ಮಗಳ ಬೈಕು ದಿನಾ ಓಡುತ್ತಿದ್ದರೂ ಬ್ಯಾಟರಿ ಇಳಿಯುತ್ತಿತ್ತು. 'ಹೊಸದು ಹಾಕಿಸಿ ವರ್ಷವೂ ಆಗಿಲ್ಲ ಮಾಮ' ಎಂದು ಫೋನು ಮಾಡಿದಳು. ಪಿಜಿಯಿಂದ ಆಫೀಸಿಗೆ ದೂರ ಸ್ವಲ್ಪವೇ, ಹೊತ್ತು ಮಾತ್ರ ಬೇಕಾದಷ್ಟು. ಸಿಗ್ನಲ್ಲಿನಲ್ಲಿ ಐಡಲ್ ನಿಂತ ಇಂಜಿನ್ನಿನಿಂದ ಹುಟ್ಟುವ ಕರೆಂಟು ಉರಿಯುವ ಹೆಡ್‌ಲೈಟಿಗೂ ಬ್ರೇಕ್ ಲೈಟಿಗೂ ಸರಿಹೋಗುತ್ತದೆ. ಬೆಳಿಗ್ಗೆ ಸೆಲ್ಫು ಖರ್ಚು ಮಾಡಿದ್ದು ವಾಪಸು ಬರುವ ಮೊದಲೇ ಆಫೀಸು ಬರುತ್ತದೆ. ಮಲ್ಟಿಮೀಟರ್ ತರಿಸಿಕೊಂಡು ನೋಡು ಎಂದೆ. ಸೀಟು ತೆಗೆದು, ಇಂಜಿನ್ ಸ್ಟಾರ್ಟ್ ಮಾಡಿ, ತುಸು ಆಕ್ಸಿಲರೇಟರ್ ಕೊಟ್ಟು, ಟರ್ಮಿನಲ್ಲಿಗೆ ಕಡ್ಡಿ ಮುಟ್ಟಿಸಿ '14.2' ಎಂದಳು. ಹಾಗಾದರೆ ರೆಗ್ಯುಲೇಟರ್ ಸರಿಯಾಗಿದೆ; 13.5ಕ್ಕಿಂತ ಕೆಳಗಿದ್ದರೆ ತಪ್ಪು ಬ್ಯಾಟರಿಯದಾಗಿರುತ್ತಿರಲಿಲ್ಲ, ಎಷ್ಟು ಹೊಸ ಬ್ಯಾಟರಿ ಹಾಕಿದರೂ ಅವೂ ಇಳಿಯುತ್ತಿದ್ದವು. ಈಗ ಅವಳು ಭಾನುವಾರಗಳಲ್ಲಿ ನೈಸ್ ರಸ್ತೆಯ ಕಡೆಗೆ ಒಂದು ಸುತ್ತು ಹೊಡೆಯುತ್ತಾಳೆ, ಆಗಾಗ ಬ್ಯಾಟರಿಯನ್ನು ರೂಮಿಗೆ ಕೊಂಡೊಯ್ದು ಬಾಲ್ಕನಿಯಲ್ಲಿ ಚಾರ್ಜಿಗೆ ಇಡುತ್ತಾಳೆ. ಸ್ಪಂಜಿನ ಉಪಾಯವನ್ನು ಪಿಜಿಯ ಬೇರೆ ಹುಡುಗಿಯರಿಗೂ ಹೇಳಿಕೊಟ್ಟಿದ್ದಾಳಂತೆ. ಇದನ್ನು ಕೇಳಿದಾಗ ಆದ ಸಂತೋಷ ದೊಡ್ಡದು.

ಉಳಿಯದ ಬ್ಯಾಟರಿಗಳೂ ಇರುತ್ತವೆ. ರಾತ್ರಿಯಿಡೀ ಚಾರ್ಜ್ ಮಾಡಿ, ಬಿಚ್ಚಿ, ಅರ್ಧ ದಿನ ಹಾಗೇ ಬಿಟ್ಟು ಅಳೆದಾಗ 12.6 ನಿಂತಿದ್ದರೆ ಬದುಕಿದೆ. 10.5ಕ್ಕೆ ಬಂದು ಕೂತಿದ್ದರೆ ಆರರಲ್ಲಿ ಒಂದು ಸೆಲ್ಲು ಒಳಗೇ ಶಾರ್ಟ್ ಆಗಿದೆ, ಇನ್ನು ಪ್ರಯತ್ನ ಬೇಡ. ಆಗ ಅದನ್ನು ಗುಜರಿಯವನ ತಕ್ಕಡಿಗೆ ಹಾಕುವ ಮುನ್ನ ಯೋಚಿಸಬೇಕು. ಗುಜರಿಯಿಂದ ಅದು ಎಲ್ಲಿಗೋ ಹೋಗಿ, ಒಡೆದ ಡಬ್ಬಿಯ ಆಸಿಡ್ ಚರಂಡಿಗೆ ಹರಿದು, ಸೀಸ ತೆರೆದ ಕುಲುಮೆಯಲ್ಲಿ ಕರಗುತ್ತದೆ. ಆ ಹೊಗೆಯೂ ಧೂಳೂ ಸುತ್ತಲ ಮಕ್ಕಳ ಮಿದುಳನ್ನು ತಿನ್ನುತ್ತವೆ. ಸೀಸದ ವಿಷಕ್ಕೆ ಸುರಕ್ಷಿತ ಮಟ್ಟ ಎನ್ನುವುದೇ ಇಲ್ಲ. ಅದೇ ಸೀಸವನ್ನು ಸರಿಯಾದ ಕಾರ್ಖಾನೆಯಲ್ಲಿ ಕರಗಿಸಿದರೆ ಹೆಚ್ಚುಕಡಿಮೆ ಪೂರ್ತಿಯಾಗಿ ಮತ್ತೊಂದು ಬ್ಯಾಟರಿಯ ಪ್ಲೇಟಾಗುತ್ತದೆ. ಹಳೆಯದನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳಬೇಕೆಂಬ ನಿಯಮ 2001ರಿಂದಲೇ ಇತ್ತು. 2022ರ ನಿಯಮಗಳು ತಯಾರಕರ ಹೊಣೆಯನ್ನು ಇನ್ನಷ್ಟು ಬಿಗಿಗೊಳಿಸಿವೆ. ಹಳೆಯದನ್ನು ಕೊಟ್ಟರೆ ಹೊಸದರ ಬೆಲೆಯಲ್ಲಿ ಅಷ್ಟು ಕಡಿಮೆಯೂ ಆಗುತ್ತದೆ. ಟರ್ಮಿನಲ್ಲುಗಳಿಗೆ ಟೇಪು ಸುತ್ತಿ, ಬ್ಯಾಟರಿಯನ್ನು ನೆಟ್ಟಗೆ ನಿಲ್ಲಿಸಿ ಒಯ್ಯಬೇಕು. ಹಳೇ ಬಗೆಯದನ್ನು ಅಡ್ಡ ಮಲಗಿಸಿದರೆ ಬ್ರೀದರ್ ಪೈಪಿನಿಂದ ಆಸಿಡ್ ಸೋರಿ ಚೀಲ, ಚಪ್ಪಲಿ, ಪ್ಯಾಂಟು ಎಲ್ಲವನ್ನೂ ಸುಡುತ್ತದೆ.